ಎಂಬತ್ತರಲ್ಲಿ ಕಟ್ಟಿದ ವಿರೋಧ ಪಕ್ಷ

1959ರ ಆಗಸ್ಟ್ ತಿಂಗಳ ಮೊದಲ ಎರಡು ದಿನ ಮುಂಬೈಯಲ್ಲಿ ಹೊಸ ರಾಜಕೀಯ ಪಕ್ಷವೊಂದರ ಸ್ಥಾಪನಾ ಸಮಾವೇಶ ನಡೆಯಿತು. ಸೇರಿದ್ದವರಲ್ಲಿ ಉದ್ಯಮಿಗಳಿದ್ದರು, ನಿವೃತ್ತ ಅಧಿಕಾರಿಗಳಿದ್ದರು, ವಕೀಲರಿದ್ದರು, ರೈತ ಚಳವಳಿಯಿಂದ ಬಂದವರೂ ಇದ್ದರು. ಅವರೆಲ್ಲರನ್ನೂ ಒಂದೆಡೆ ಕೂಡಿಸಿದವರು ಕಪ್ಪು ಕನ್ನಡಕದ, ಕೃಶಕಾಯದ, ಖಾದಿ ಧರಿಸಿದ ಒಬ್ಬ ವೃದ್ಧರು. ಅವರಿಗೆ ಆಗ ಎಂಬತ್ತು ವರ್ಷ. ಮದರಾಸು ಪ್ರಾಂತದ ಆಡಳಿತವನ್ನು ಎರಡು ಬಾರಿ ನಡೆಸಿದ್ದರು. ಪಶ್ಚಿಮ ಬಂಗಾಳದ ರಾಜ್ಯಪಾಲರಾಗಿದ್ದರು. ಮೌಂಟ್‌ಬ್ಯಾಟನ್ ತೆರವು ಮಾಡಿದ ಗವರ್ನರ್ ಜನರಲ್ ಪೀಠದಲ್ಲಿ ಕುಳಿತ ಏಕೈಕ ಭಾರತೀಯರಾಗಿದ್ದರು. ಪಟೇಲರ ನಿಧನಾನಂತರ ಕೇಂದ್ರದ ಗೃಹಮಂತ್ರಿಯಾಗಿದ್ದರು. ಭಾರತರತ್ನ ಪ್ರಶಸ್ತಿ ಆರಂಭವಾದ 1954ರಲ್ಲೇ ಅದು ಅವರಿಗೆ ಸಂದಿತ್ತು. ಗಾಂಧೀಜಿಗೆ ಬೀಗರಾಗಿದ್ದರು.

ಪಡೆಯುವುದಕ್ಕೆ ಇನ್ನೇನೂ ಉಳಿದಿರದ ಚಕ್ರವರ್ತಿ ರಾಜಗೋಪಾಲಾಚಾರಿ, ತಾವೇ ಜೀವಮಾನವಿಡೀ ದುಡಿದು ಬೆಳೆಸಿದ ಕಾಂಗ್ರೆಸ್ಸಿನ ವಿರುದ್ಧ ಆ ವಯಸ್ಸಿನಲ್ಲಿ ಪಕ್ಷ ಕಟ್ಟಲು ಹೊರಟದ್ದೇಕೆ? ಈ ಪ್ರಶ್ನೆ ಒಬ್ಬ ವ್ಯಕ್ತಿಯ ಹಟಮಾರಿತನದ ಕುತೂಹಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಪ್ರಜಾಪ್ರಭುತ್ವದಲ್ಲಿ ಮತಧರ್ಮದ ಆಸರೆಯಿಲ್ಲದ ಒಂದು ಸಂಪ್ರದಾಯಶೀಲ ಪಕ್ಷಕ್ಕೆ ನೆಲೆಯಿದೆಯೇ ಎಂಬುದರ ಮೊದಲ ಪರೀಕ್ಷೆಯೂ ಆಗಿನ ಸ್ವತಂತ್ರ ಪಕ್ಷವೇ ಆಗಿತ್ತು.

ಪದದ ತೊಡಕೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಇಂಗ್ಲೆಂಡಿನವರು ಕನ್ಸರ್ವೇಟಿವ್ ಎಂದು ಹೆಮ್ಮೆಯಿಂದ ಕರೆದುಕೊಳ್ಳುವುದಕ್ಕೆ ಕನ್ನಡದಲ್ಲಿ ಸಮಾಧಾನಕರವಾದ ಪದವಿಲ್ಲ. ಸಂಪ್ರದಾಯವಾದಿ ಎಂದರೆ ಮಡಿಹುಡಿಯ ನೆನಪಾಗುತ್ತದೆ. ಪ್ರತಿಗಾಮಿ ಎಂಬುದು ಬೈಗುಳ. ಬಲಪಂಥೀಯ ಎಂಬುದರೊಳಗೆ ಈಗ ಏನನ್ನು ಬೇಕಾದರೂ ತುಂಬಬಹುದು. ಸ್ಥಿತಿಪಾಲಕ ಎಂಬುದು ನಿಘಂಟಿನಿಂದ ಹೊರಗೆ ಬಂದದ್ದೇ ಅಪರೂಪ. ಪದ ಇಲ್ಲದ ಕಡೆ ಆ ನಿಲುವಿಗೆ ಗೌರವವೂ ಸುಲಭವಾಗಿ ದೊರೆಯುವುದಿಲ್ಲ. ರಾಜಾಜಿಯವರಾದರೂ ಈ ಹಣೆಪಟ್ಟಿಗೆ ಅಂಜಿದವರಲ್ಲ.

ಅವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಬಳಿಯ ತೊರಪಳ್ಳಿ ಎಂಬ ಹಳ್ಳಿಯಲ್ಲಿ. ತಂದೆ ಆ ಊರಿನ ಮುನ್ಸೀಫರು. ತಮಿಳು, ತೆಲುಗು, ಕನ್ನಡ ಮೂರೂ ಬೆರೆಯುವ ಆ ಸೀಮೆಯಿಂದ ಹೊಸೂರಿಗೆ, ಅಲ್ಲಿಂದ ಬೆಂಗಳೂರಿಗೆ ಓದಲು ಬಂದರು. ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, ಮದರಾಸಿನಲ್ಲಿ ಕಾನೂನು ಮುಗಿಸಿ, 1900ರಲ್ಲಿ ಸೇಲಂನಲ್ಲಿ ವಕೀಲಿ ಆರಂಭಿಸಿದರು. ವೃತ್ತಿ ಬಹುಬೇಗ ಕೈಹಿಡಿಯಿತು. ಐದು ಮಕ್ಕಳನ್ನು ಬಿಟ್ಟು ಪತ್ನಿ ಅಕಾಲದಲ್ಲಿ ತೀರಿಕೊಂಡರು. ರಾಜಾಜಿ ಮರುಮದುವೆಯಾಗಲಿಲ್ಲ. 1917ರಿಂದ ಎರಡು ವರ್ಷ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದಾಗ ದಲಿತರ ಪರವಾಗಿ ನಿಂತು ಸ್ವಜಾತಿಯವರ ಮುನಿಸನ್ನೂ ಕಟ್ಟಿಕೊಂಡರು.

1919ರಲ್ಲಿ ಗಾಂಧೀಜಿ ಮದರಾಸಿಗೆ ಬಂದಾಗ ಉಳಿದುಕೊಂಡದ್ದು ರಾಜಾಜಿಯವರ ಮನೆಯಲ್ಲಿ. ರೌಲಟ್ ಕಾಯ್ದೆಯ ವಿರುದ್ಧ ದೇಶವ್ಯಾಪಿ ಹರತಾಳದ ಕಲ್ಪನೆ ಅವರಿಗೆ ಹೊಳೆದದ್ದು ಅಲ್ಲಿಯೇ. ಮರುವರ್ಷ ಅಸಹಕಾರದ ಕರೆ ಬಂದಾಗ ರಾಜಾಜಿ ವಕೀಲಿ ಬಿಟ್ಟರು. 1925ರಲ್ಲಿ ತಿರುಚ್ಚೆಂಗೋಡಿನ ಬಳಿ ಆಶ್ರಮ ಕಟ್ಟಿ ಚರಕ, ಪಾನನಿರೋಧ, ಅಸ್ಪೃಶ್ಯತಾ ನಿವಾರಣೆಯ ಕೆಲಸಕ್ಕೆ ಕೂತರು. 1930ರಲ್ಲಿ ದಂಡಿಯ ಮಾದರಿಯಲ್ಲೇ ತಿರುಚಿನಾಪಳ್ಳಿಯಿಂದ ವೇದಾರಣ್ಯದ ಕಡಲತೀರಕ್ಕೆ ಉಪ್ಪಿನ ಯಾತ್ರೆ ನಡೆಸಿ ಸೆರೆಮನೆ ಸೇರಿದರು. ಮಗಳು ಲಕ್ಷ್ಮಿ ಮತ್ತು ಗಾಂಧೀಜಿಯ ಮಗ ದೇವದಾಸರು ಪರಸ್ಪರ ಮೆಚ್ಚಿದಾಗ ಇಬ್ಬರು ತಂದೆಯರೂ ಅವರನ್ನು ವರ್ಷಗಟ್ಟಲೆ ಕಾಯಿಸಿ, 1933ರಲ್ಲಿ ಪುಣೆಯಲ್ಲಿ ಮದುವೆ ಮಾಡಿದರು. ಅಯ್ಯಂಗಾರರ ಮನೆಯ ಹೆಣ್ಣು ಬನಿಯಾ ಮನೆಗೆ ಹೋದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಇಷ್ಟನ್ನು ನೋಡಿದರೆ ಅವರನ್ನು ಸಂಪ್ರದಾಯದ ಕಾವಲುಗಾರರೆಂದು ಕರೆಯಲು ಯಾರಿಗೂ ಮನಸ್ಸಾಗದು.

1937ರ ಜುಲೈಯಲ್ಲಿ ಅವರು ಮದರಾಸು ಪ್ರಾಂತದ ಪ್ರಧಾನಿಯಾದರು. ಆಗ ಮುಖ್ಯಮಂತ್ರಿಯನ್ನು ಹಾಗೆಯೇ ಕರೆಯುತ್ತಿದ್ದರು. ಎರಡೂಕಾಲು ವರ್ಷದ ಆ ಆಡಳಿತದಲ್ಲಿ ಸಾಲದ ಹೊರೆಯಲ್ಲಿದ್ದ ರೈತರಿಗೆ ಋಣಪರಿಹಾರ ಕಾಯ್ದೆ ಬಂತು. ಮದುರೆಯ ಮೀನಾಕ್ಷಿ ದೇವಾಲಯ 1939ರಲ್ಲಿ ದಲಿತರಿಗೆ ತೆರೆದಾಗ ಅದಕ್ಕೆ ಕಾನೂನಿನ ರಕ್ಷೆ ಒದಗಿಸಿದ್ದೂ ಅವರ ಸರ್ಕಾರವೇ. ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಯಾಯಿತು. ಅದರಿಂದ ಬೊಕ್ಕಸಕ್ಕಾದ ನಷ್ಟ ತುಂಬಲು ಅವರು 1939ರಲ್ಲಿ ಮಾರಾಟ ತೆರಿಗೆ ತಂದರು. ಇಪ್ಪತ್ತು ವರ್ಷಗಳ ಅನಂತರ ಸರ್ಕಾರದ ತೆರಿಗೆ ದಾಹವನ್ನು ವಾರವಾರ ಖಂಡಿಸಿದವರೇ ದೇಶದ ವ್ಯಾಪಾರಿಗಳಿಗೆ ಮಾರಾಟ ತೆರಿಗೆಯ ರುಚಿ ತೋರಿಸಿದವರು ಎಂಬುದು ಸ್ವಾರಸ್ಯವೇ ಸರಿ.

ಅದೇ ಅವಧಿಯ ಇನ್ನೊಂದು ನಿರ್ಧಾರ ಅಷ್ಟು ಸ್ವಾರಸ್ಯದ್ದಲ್ಲ. ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಲು ಅವರು ಹೊರಟರು. ಪೆರಿಯಾರ್ ನೇತೃತ್ವದಲ್ಲಿ ಪ್ರತಿಭಟನೆ ಎದ್ದಿತು. ಕಾಂಗ್ರೆಸ್ಸಿಗರ ಮೇಲೆ ಬ್ರಿಟಿಷರು ಬಳಸುತ್ತಿದ್ದ ಅಪರಾಧ ಕಾನೂನು ತಿದ್ದುಪಡಿ ಕಾಯ್ದೆಯನ್ನೇ ರಾಜಾಜಿ ಪ್ರತಿಭಟನಾಕಾರರ ಮೇಲೆ ಬಳಸಿದರು. ಪೆರಿಯಾರರು ಜೈಲು ಸೇರಿದರು. ನಟರಾಜನ್ ಮತ್ತು ತಾಳಮುತ್ತು ಎಂಬ ಇಬ್ಬರು ಯುವಕರು ಬಂಧನದಲ್ಲಿದ್ದಾಗ ತೀರಿಕೊಂಡರು. ಯುದ್ಧದ ಪ್ರಶ್ನೆಯ ಮೇಲೆ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆಯಿತ್ತ ಬಳಿಕ, 1940ರಲ್ಲಿ ಗವರ್ನರರು ಆ ಆದೇಶವನ್ನು ಹಿಂತೆಗೆದುಕೊಂಡರು. ದ್ರಾವಿಡ ರಾಜಕಾರಣದ ಒಂದು ತಲೆಮಾರು ರೂಪುಗೊಂಡದ್ದು ಈ ಚಳವಳಿಯಲ್ಲಿ. ಮುಂದೆ ಇದೇ ರಾಜಾಜಿ ಹಿಂದಿಯನ್ನು ಏಕೈಕ ಆಡಳಿತ ಭಾಷೆ ಮಾಡುವುದರ ಅತಿ ಪ್ರಬಲ ವಿರೋಧಿಯಾದರು, ಇಂಗ್ಲಿಷ್ ಉಳಿಯಲೇಬೇಕೆಂದು ವಾದಿಸಿದರು. ಅಭಿಪ್ರಾಯ ಬದಲಾಯಿಸುವುದು ತಪ್ಪಲ್ಲ. ಆದರೆ ಅಧಿಕಾರದಲ್ಲಿದ್ದಾಗ ಅವರಿಗೆ ಕಾಣದಿದ್ದ ಸತ್ಯಗಳು ಅಧಿಕಾರದ ಹೊರಗೆ ನಿಚ್ಚಳವಾಗಿ ಕಾಣುತ್ತಿದ್ದವು ಎಂಬ ಸಂಶಯವನ್ನು ಅವರ ಅಭಿಮಾನಿಗಳೂ ಎದುರಿಸಬೇಕಾಗುತ್ತದೆ.

ಒಂಟಿಯಾಗಿ ನಿಲ್ಲುವ ಧೈರ್ಯ ಮಾತ್ರ ಅವರಲ್ಲಿ ಎಂದೂ ಕುಂದಲಿಲ್ಲ. 1942ರಲ್ಲಿ ಇಡೀ ಕಾಂಗ್ರೆಸ್ ಕ್ವಿಟ್ ಇಂಡಿಯಾ ಎಂದಾಗ ಅವರು ಅದನ್ನು ವಿರೋಧಿಸಿ ಪಕ್ಷದಿಂದ ಹೊರಬಂದರು. ಮುಸ್ಲಿಂ ಲೀಗಿನೊಡನೆ ಒಪ್ಪಂದವಾಗದೆ ಸ್ವಾತಂತ್ರ್ಯ ಬಾರದೆಂದು ಹೇಳಿ, 1944ರಲ್ಲಿ ಅದಕ್ಕೊಂದು ಸೂತ್ರವನ್ನೂ ಮುಂದಿಟ್ಟರು. ದೇಶದ್ರೋಹಿ ಎಂಬ ಬೈಗುಳಕ್ಕೆ ಕಿವಿಗೊಡಲಿಲ್ಲ. 1950ರಲ್ಲಿ ಗಣರಾಜ್ಯದ ಮೊದಲ ರಾಷ್ಟ್ರಪತಿಯಾಗಿ ರಾಜಾಜಿಯೇ ಇರಲಿ ಎಂದು ನೆಹರೂ ಬಯಸಿದರೂ ಪಕ್ಷ ಒಪ್ಪದಿರಲು 1942ರ ನೆನಪೂ ಒಂದು ಕಾರಣ. ಆ ಸ್ಥಾನ ರಾಜೇಂದ್ರ ಪ್ರಸಾದರಿಗೆ ಹೋಯಿತು. ರಾಜಾಜಿ ಖಾತೆಯಿಲ್ಲದ ಮಂತ್ರಿಯಾಗಿ, ಬಳಿಕ ಗೃಹಮಂತ್ರಿಯಾಗಿ ದುಡಿದರು. ಆಕ್ಷೇಪಾರ್ಹ ಬರಹಗಳನ್ನು ನಿಯಂತ್ರಿಸುವ 1951ರ ಪತ್ರಿಕಾ ಕಾಯ್ದೆಯನ್ನು ಸಂಸತ್ತಿನಲ್ಲಿ ಮಂಡಿಸಿ ಸಮರ್ಥಿಸಿದವರೂ ಅವರೇ. ಪತ್ರಿಕಾರಂಗದಲ್ಲಿರುವವರು ಇದನ್ನು ಮರೆಯುವುದು ಕಷ್ಟ.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬರಲಿಲ್ಲ. 375 ಸ್ಥಾನಗಳ ಸದನದಲ್ಲಿ ಅದಕ್ಕೆ ದಕ್ಕಿದ್ದು 152. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದಾರೆಂಬ ಭಯದಲ್ಲಿ ಪಕ್ಷ ರಾಜಾಜಿಯವರ ಮನೆಬಾಗಿಲಿಗೆ ಹೋಯಿತು. ಅವರು ಚುನಾವಣೆಗೆ ನಿಂತಿರಲಿಲ್ಲ. ಮುಂದೆ ನಿಲ್ಲಲೂ ಒಪ್ಪಲಿಲ್ಲ. ರಾಜ್ಯಪಾಲ ಶ್ರೀಪ್ರಕಾಶರು ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿ ಸರ್ಕಾರ ರಚಿಸಲು ಕರೆದರು. ಸಣ್ಣಪುಟ್ಟ ಪಕ್ಷಗಳನ್ನೂ ಪಕ್ಷೇತರರನ್ನೂ ಸೇರಿಸಿಕೊಂಡು ಬಹುಮತ ಕೂಡಿತು. ಹಿಂಬಾಗಿಲ ರಾಜಕಾರಣಕ್ಕೆ ನಮ್ಮ ಗಣರಾಜ್ಯದಲ್ಲಿ ಹಾಕಿದ ಮೊದಲ ಮೇಲ್ಪಂಕ್ತಿಗಳಲ್ಲಿ ಇದೂ ಒಂದು. ಸಂವಿಧಾನದ ಸತ್ಸಂಪ್ರದಾಯಗಳ ಬಗ್ಗೆ ಮುಂದೆ ಅಷ್ಟೊಂದು ಬರೆದವರ ಕೈಯಿಂದಲೇ ಅದು ಆಯಿತು.

ಅಧಿಕಾರಕ್ಕೆ ಬಂದ ಎರಡೇ ತಿಂಗಳಿಗೆ ಅವರು ಕೈಗೊಂಡ ಕ್ರಮ ಮಾತ್ರ ಇಡೀ ದೇಶವನ್ನು ಬೆರಗುಗೊಳಿಸಿತು. ಯುದ್ಧಕಾಲದಿಂದ ಮುಂದುವರಿದುಕೊಂಡು ಬಂದಿದ್ದ ಆಹಾರಧಾನ್ಯದ ಪಡಿತರ ಮತ್ತು ನಿಯಂತ್ರಣವನ್ನು 1952ರ ಜೂನ್‌ನಲ್ಲಿ ಒಂದೇ ಏಟಿಗೆ ರದ್ದುಪಡಿಸಿದರು. ಕೇಂದ್ರದ ಆಹಾರ ಮಂತ್ರಿ ರಫಿ ಅಹ್ಮದ್ ಕಿದ್ವಾಯಿ ಬೆಂಬಲಕ್ಕೆ ನಿಂತರು. ಬೆಲೆ ಗಗನಕ್ಕೇರುತ್ತದೆ, ಜನ ಹಸಿಯುತ್ತಾರೆ ಎಂದು ಅಧಿಕಾರಿಗಳು ಎಚ್ಚರಿಸಿದ್ದರು. ಹಾಗಾಗಲಿಲ್ಲ. ಬಚ್ಚಿಟ್ಟಿದ್ದ ಅಕ್ಕಿ ಮಾರುಕಟ್ಟೆಗೆ ಬಂತು. ಸರದಿ ಸಾಲುಗಳು ಕರಗಿದವು. ಸರ್ಕಾರ ಕೈ ಹಿಂದೆಗೆದರೆ ಸಮಾಜ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ ಎಂಬ ಅವರ ಮುಂದಿನ ಸಿದ್ಧಾಂತಕ್ಕೆ ಪುಸ್ತಕಗಳಿಗಿಂತ ಈ ಅನುಭವವೇ ದೊಡ್ಡ ಆಧಾರ ಎಂದು ನನಗೆ ತೋರುತ್ತದೆ.

ಆದರೆ ಸಮಾಜ ಎಂದರೆ ಯಾವುದು? ಮರುವರ್ಷವೇ ಈ ಪ್ರಶ್ನೆ ಎದುರಾಯಿತು. 1953ರಲ್ಲಿ ಅವರು ಗ್ರಾಮೀಣ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿರಬೇಕು. ಉಳಿದ ಹೊತ್ತಿನಲ್ಲಿ ಮನೆಯವರ ಜೊತೆ, ಊರಿನ ಕುಶಲಕರ್ಮಿಗಳ ಜೊತೆ ಕಸುಬು ಕಲಿಯಬೇಕು. ಹೀಗೆ ಎರಡು ಪಾಳಿ ಮಾಡಿದರೆ ಇರುವ ಕಟ್ಟಡ, ಇರುವ ಉಪಾಧ್ಯಾಯರಲ್ಲೇ ಇಮ್ಮಡಿ ಮಕ್ಕಳಿಗೆ ಅಕ್ಷರ ಕಲಿಸಬಹುದು. ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಹಣವಿಲ್ಲದ ಸರ್ಕಾರಕ್ಕೆ ಅದೊಂದು ಜಾಣ ಉಪಾಯವೇ. ದೈಹಿಕ ಶ್ರಮದ ಗೌರವ ಎಂಬ ಗಾಂಧೀವಾದದ ಸಮರ್ಥನೆಯೂ ಅದಕ್ಕಿತ್ತು.

ಆದರೆ ಭಾರತದ ಹಳ್ಳಿಯಲ್ಲಿ ಮನೆಯ ಕಸುಬೆಂದರೆ ಜಾತಿಯ ಕಸುಬು. ಕುಂಬಾರನ ಮಗ ಚಕ್ರದ ಮುಂದೆ, ಅಗಸರ ಮಗಳು ಕಲ್ಲಿನ ಮುಂದೆ, ಚಮ್ಮಾರನ ಮಗ ತೊಗಲಿನ ಮುಂದೆ. ಶಾಲೆಗೆ ಹೋದರೂ ಅರ್ಧ ದಿನಕ್ಕೆ ಅಲ್ಲಿಗೇ ಮರಳಬೇಕು. ಯಾವುದರಿಂದ ಪಾರಾಗಲು ಒಂದು ಬಡ ಕುಟುಂಬ ಮಗುವನ್ನು ಶಾಲೆಗೆ ಕಳುಹಿಸುತ್ತದೆಯೋ ಅದಕ್ಕೇ ಸರ್ಕಾರ ಮುದ್ರೆಯೊತ್ತಿತು. ತಮಿಳರು ಅದಕ್ಕೆ ಕುಲಕಲ್ವಿ, ಎಂದರೆ ಕುಲದ ಶಿಕ್ಷಣ, ಎಂದು ಹೆಸರಿಟ್ಟರು. ಪೆರಿಯಾರರೂ ಡಿಎಂಕೆಯೂ ಬೀದಿಗಿಳಿದರು. ಕಾಂಗ್ರೆಸ್ಸಿನೊಳಗೇ ದೊಡ್ಡ ಬಣ ತಿರುಗಿಬಿತ್ತು. ಪೂರ್ವಸಿದ್ಧತೆಯಾಗಲಿ ಸಹೋದ್ಯೋಗಿಗಳೊಡನೆ ವಿಸ್ತೃತ ಸಮಾಲೋಚನೆಯಾಗಲಿ ನಡೆದಿರಲಿಲ್ಲ. ರಾಜಾಜಿ ಹಿಂಜರಿಯಲೂ ಇಲ್ಲ. ಕಡೆಗೆ 1954ರಲ್ಲಿ ಅಧಿಕಾರ ಬಿಟ್ಟರು. ಅವರ ಸ್ಥಾನಕ್ಕೆ ಬಂದ ಕಾಮರಾಜರ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮುಂದೆ ಶಾಲೆಗಳನ್ನು ವಿಸ್ತರಿಸಿ, ಮಧ್ಯಾಹ್ನದ ಊಟ ಹಾಕಿಸಿ, ಮಕ್ಕಳನ್ನು ಇಡೀ ದಿನ ಶಾಲೆಯಲ್ಲೇ ಉಳಿಸಿಕೊಂಡದ್ದರಿಂದ ಕಾಮರಾಜರ ಹೆಸರು ಇಂದಿಗೂ ಆ ನಾಡಿನ ಮನೆಮಾತಾಗಿದೆ.

ಆ ಯೋಜನೆಯನ್ನು ಜಾತಿಯ ಸಂಚೆಂದು ಕರೆಯುವುದು ಸುಲಭ. ದೇವಾಲಯದ ಬಾಗಿಲು ತೆರೆಸಿದ, ಮಗಳನ್ನು ಜಾತಿಯ ಹೊರಗೆ ಕೊಟ್ಟ ವ್ಯಕ್ತಿಗೆ ಅಂಥ ಉದ್ದೇಶವಿತ್ತೆಂದು ನಾನು ನಂಬಲಾರೆ. ಆದರೆ ಇರುವ ವ್ಯವಸ್ಥೆಯಲ್ಲಿ ಒಂದು ವಿವೇಕವಿದೆ, ಅದನ್ನು ಕೆಡವದೆ ಬಳಸಿಕೊಳ್ಳಬೇಕು ಎಂಬ ನಂಬಿಕೆ ಎಲ್ಲ ಸಂಪ್ರದಾಯಶೀಲ ರಾಜಕಾರಣದ ತಳಹದಿ. ಆ ವ್ಯವಸ್ಥೆಯ ಮೇಲುಮಹಡಿಯಲ್ಲಿ ಕುಳಿತವರಿಗೆ ಕಾಣುವ ವಿವೇಕ ನೆಲಮಾಳಿಗೆಯಲ್ಲಿದ್ದವರಿಗೆ ಬೀಗವಾಗಿ ಕಾಣುತ್ತದೆ. ರಾಜಾಜಿಯವರ ತೀಕ್ಷ್ಣ ಬುದ್ಧಿ ಎಟುಕದೆ ಹೋದದ್ದು ಇಲ್ಲಿಗೆ.

ಅಧಿಕಾರ ಬಿಟ್ಟ ಮೇಲೆ ಅವರು ಬರವಣಿಗೆಗೆ ತೊಡಗಿದರು. ಮಹಾಭಾರತ, ರಾಮಾಯಣಗಳ ಅವರ ಸರಳ ನಿರೂಪಣೆಗಳು ಅದಾಗಲೇ ಮನೆಮನೆಗೆ ತಲುಪತೊಡಗಿದ್ದವು. ತಮಿಳಿನಲ್ಲಿ ಬರೆದ ರಾಮಾಯಣಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಷ್ಟಕ್ಕೇ ನಿಂತಿದ್ದರೆ ದೇಶ ಅವರನ್ನು ಪೂಜ್ಯ ಹಿರಿಯರೆಂದು ನೆನೆದು ಸುಮ್ಮನಾಗುತ್ತಿತ್ತು. ಆದರೆ ದೆಹಲಿ ಹಿಡಿಯುತ್ತಿದ್ದ ದಾರಿ ಅವರನ್ನು ಸುಮ್ಮನಿರಗೊಡಲಿಲ್ಲ. 1955ರ ಆವಡಿ ಅಧಿವೇಶನದಲ್ಲಿ ಕಾಂಗ್ರೆಸ್ ಸಮಾಜವಾದಿ ಮಾದರಿಯ ಸಮಾಜವನ್ನು ಗುರಿಯೆಂದು ಘೋಷಿಸಿತು. ಎರಡನೆಯ ಪಂಚವಾರ್ಷಿಕ ಯೋಜನೆ ಭಾರೀ ಕೈಗಾರಿಕೆಗಳನ್ನು ಸರ್ಕಾರದ ಕೈಯಲ್ಲಿಟ್ಟಿತು. 1959ರ ಜನವರಿಯಲ್ಲಿ ನಾಗಪುರ ಅಧಿವೇಶನ, ರೈತರ ಜಮೀನುಗಳನ್ನು ಒಟ್ಟುಗೂಡಿಸುವ ಸಹಕಾರಿ ಬೇಸಾಯದ ನಿರ್ಣಯ ಅಂಗೀಕರಿಸಿತು. ಒಡೆತನ ರೈತರಲ್ಲೇ ಉಳಿಯುವುದೆಂದು ನಿರ್ಣಯದಲ್ಲಿ ಹೇಳಿತ್ತು, ನಿಜ. ಆದರೆ ರಷ್ಯ, ಚೀನಾಗಳ ಅನುಭವ ಕಣ್ಣೆದುರಿಗಿದ್ದಾಗ ಆ ಭರವಸೆಯನ್ನು ನಂಬಲು ಅನೇಕರು ಸಿದ್ಧರಿರಲಿಲ್ಲ. ಚರಣ್ ಸಿಂಗ್ ಅದೇ ಅಧಿವೇಶನದಲ್ಲಿ ವಿರೋಧಿಸಿದರು. ಜೂನ್ 4ರಂದು ಮದರಾಸಿನಲ್ಲಿ ಸ್ವತಂತ್ರ ಪಕ್ಷದ ಘೋಷಣೆಯಾಯಿತು.

ಅಧ್ಯಕ್ಷರಾದವರು ಕಾಂಗ್ರೆಸ್ ಬಿಟ್ಟುಬಂದ ಆಂಧ್ರದ ರೈತ ನಾಯಕ ಎನ್.ಜಿ. ರಂಗಾ. ಪ್ರಧಾನ ಕಾರ್ಯದರ್ಶಿ ಮಿನೂ ಮಸಾನಿ. ಒಂದು ಕಾಲಕ್ಕೆ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸ್ಥಾಪಕರಲ್ಲೊಬ್ಬರಾಗಿ, ಬಳಿಕ ಕಮ್ಯುನಿಸಂನ ಕಡುವೈರಿಯಾದವರು. ಸಂವಿಧಾನ ಕರಡು ಸಮಿತಿಯಲ್ಲಿದ್ದ ಕೆ.ಎಂ. ಮುನ್ಷಿ, ಸಂಸ್ಥಾನಗಳ ವಿಲೀನದಲ್ಲಿ ಪಟೇಲರ ಬಲಗೈಯಾಗಿದ್ದ ವಿ.ಪಿ. ಮೆನನ್, ಉದ್ಯಮಿ ಹೋಮಿ ಮೋದಿ ಜೊತೆಗೂಡಿದರು. ಇಪ್ಪತ್ತೊಂದು ಮೂಲತತ್ತ್ವಗಳನ್ನು ಒಪ್ಪಿದವರಿಗೆ ಉಳಿದ ವಿಷಯಗಳಲ್ಲಿ ತಮ್ಮ ಮನಸ್ಸಾಕ್ಷಿಯಂತೆ ನಡೆಯುವ ಸ್ವಾತಂತ್ರ್ಯವಿತ್ತು. ಹೈಕಮಾಂಡ್ ಸಂಸ್ಕೃತಿಗೆ ಒಗ್ಗಿಹೋದ ನಮಗೆ ಇದು ಈಗ ಕಟ್ಟುಕಥೆಯಂತೆ ಕೇಳಿಸೀತು.

ಪರ್ಮಿಟ್-ಲೈಸೆನ್ಸ್ ರಾಜ್ ಎಂಬ ಮಾತನ್ನು ಟಂಕಿಸಿದವರು ರಾಜಾಜಿ. ಸ್ವರಾಜ್ಯ ವಾರಪತ್ರಿಕೆಯಲ್ಲಿ ಅವರು ಬಿಡದೆ ವಾದಿಸಿದ್ದು ಇಷ್ಟು: ಕಾರ್ಖಾನೆ ತೆರೆಯಲು, ಯಂತ್ರ ತರಿಸಲು, ಉತ್ಪಾದನೆ ಹೆಚ್ಚಿಸಲು ಪ್ರತಿಯೊಂದಕ್ಕೂ ಸರ್ಕಾರದ ಅಪ್ಪಣೆ ಬೇಕಾದರೆ, ಅಪ್ಪಣೆ ಕೊಡುವವನು ದೊರೆಯಾಗುತ್ತಾನೆ, ಬೇಡುವವನು ದಾನಿಯಾಗುತ್ತಾನೆ. ಆ ದಾನ ಆಳುವ ಪಕ್ಷದ ಚುನಾವಣಾ ನಿಧಿಗೆ ಹೋಗುತ್ತದೆ. ಆಮೇಲೆ ಚುನಾವಣೆ ಸಮಬಲರ ಸ್ಪರ್ಧೆಯಾಗಿ ಉಳಿಯುವುದಿಲ್ಲ. ಅವರಿಗೆ ಇದು ಅರ್ಥಶಾಸ್ತ್ರಕ್ಕಿಂತ ಹೆಚ್ಚಾಗಿ ನೀತಿಯ ಪ್ರಶ್ನೆಯಾಗಿತ್ತು. ಉದ್ಯಮಿಗಳು ಬೆಳೆಯಲಿ ಎಂಬುದಕ್ಕಿಂತ ಸರ್ಕಾರ ಕೆಡದಿರಲಿ ಎಂಬುದೇ ಅವರ ಕಾಳಜಿ.

ಉದ್ಯಮಿಗಳಾದರೋ ವ್ಯವಹಾರಸ್ಥರು. ಕಾಂಗ್ರೆಸ್ಸಿನ ಜೊತೆಗೆ ಸ್ವತಂತ್ರ ಪಕ್ಷಕ್ಕೂ ನೆರವು ಕೊಡುವುದಾಗಿ ಜೆ.ಆರ್.ಡಿ. ಟಾಟಾ 1961ರಲ್ಲಿ ನೆಹರೂ ಅವರಿಗೇ ಬರೆದು ತಿಳಿಸಿದರು. ಆದರೆ ಬಹುಪಾಲು ಉದ್ಯಮಪತಿಗಳು ಲೈಸೆನ್ಸ್ ಕೊಡುವ ಕೈಯನ್ನು ಬಿಟ್ಟುಬರಲಿಲ್ಲ. ಸ್ಪರ್ಧೆಯಿಂದ ರಕ್ಷಣೆ ಕೊಡುವ ಲೈಸೆನ್ಸ್ ಅವರಲ್ಲಿ ಹಲವರಿಗೆ ಹಿತವಾಗಿಯೇ ಇತ್ತು.

ಹಾಗಾದರೆ ಪಕ್ಷಕ್ಕೆ ಮತ ತಂದವರು ಯಾರು? ಇಲ್ಲಿಯೇ ಅದರ ದುರಂತವಿದೆ. 1962ರ ಚುನಾವಣೆಯಲ್ಲಿ ಲೋಕಸಭೆಯ 18 ಸ್ಥಾನಗಳು ಅದಕ್ಕೆ ಸಿಕ್ಕವು. ವಿಧಾನಸಭೆಗಳಲ್ಲಿ ಬಿಹಾರದಲ್ಲಿ 50, ರಾಜಸ್ಥಾನದಲ್ಲಿ 36, ಗುಜರಾತಿನಲ್ಲಿ 26. ಬಿಹಾರದಲ್ಲಿ ಗೆದ್ದದ್ದು ರಾಮಗಢದ ರಾಜರ ಪ್ರಭಾವ. ರಾಜಸ್ಥಾನದಲ್ಲಿ ಜೈಪುರದ ಮಹಾರಾಣಿ ಗಾಯತ್ರಿದೇವಿ ಅಪಾರ ಅಂತರದಿಂದ ಗೆದ್ದರು. ಒರಿಸ್ಸಾದಲ್ಲಿ ಅರಸುಮನೆತನಗಳ ಗಣತಂತ್ರ ಪರಿಷತ್ತು ಪಕ್ಷದಲ್ಲಿ ವಿಲೀನವಾಯಿತು. ಸಣ್ಣ ರೈತನ ತುಂಡುಭೂಮಿಯ ಹಕ್ಕನ್ನು ಕಾಯಲು ಹುಟ್ಟಿದ ಪಕ್ಷದ ಪೀಠಗಳಲ್ಲಿ ಜಮೀನ್ದಾರರು ತುಂಬಿಕೊಂಡರು. ರಾಮಗಢದ ರಾಜರು 1964ರಲ್ಲಿ ತಮ್ಮ ಬೆಂಬಲಿಗರೊಡನೆ ಹೊರಟುಹೋದಾಗ ಬಿಹಾರದಲ್ಲಿ ಪಕ್ಷದ ಬುಡವೇ ಅಲುಗಿತು. ಇವರಿಗೆ ರಾಜಾಜಿಯವರ ಸಿದ್ಧಾಂತ ಬೇಕಿರಲಿಲ್ಲ. ಕಾಂಗ್ರೆಸ್ಸಿನ ವಿರುದ್ಧ ಒಂದು ಗೌರವಸ್ಥ ಕೊಡೆ ಬೇಕಿತ್ತು.

ಆದರೂ 1967ರಲ್ಲಿ ಪಕ್ಷ 44 ಸ್ಥಾನ ಗೆದ್ದು ಲೋಕಸಭೆಯ ಅತಿದೊಡ್ಡ ವಿರೋಧ ಪಕ್ಷವಾಯಿತು. ಒರಿಸ್ಸಾದಲ್ಲಿ ಆರ್.ಎನ್. ಸಿಂಗ್ ದೇವ್ ನೇತೃತ್ವದಲ್ಲಿ ಮೈತ್ರಿ ಸರ್ಕಾರ ರಚಿಸಿತು. ಆಗಿನ ಮೈಸೂರು ರಾಜ್ಯದ ವಿಧಾನಸಭೆಯಲ್ಲೂ 16 ಸ್ಥಾನಗಳು ಬಂದವು. ಉಡುಪಿಯಿಂದ ನಿವೃತ್ತ ಐಸಿಎಸ್ ಅಧಿಕಾರಿ ಜೆ.ಎಂ. ಲೋಬೋ ಪ್ರಭು ಲೋಕಸಭೆಗೆ ಹೋದರು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ಕರಾವಳಿಯಲ್ಲಿ ಈ ಗೆಲುವು ಹೆಚ್ಚು ಕಾಲ ಬಾಳಲಿಲ್ಲ. 1971ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿಗೆ ಮರಳಿತು. 1974ರ ಭೂಸುಧಾರಣೆ ಗೇಣಿದಾರನನ್ನೇ ಒಡೆಯನನ್ನಾಗಿ ಮಾಡಿತು. ಆಸ್ತಿಯ ಹಕ್ಕು ಎಂಬ ಸ್ವತಂತ್ರ ಪಕ್ಷದ ಮಂತ್ರ, ಆಸ್ತಿಯೇ ಇಲ್ಲದ ಒಕ್ಕಲಿನ ಕಿವಿಗೆ ಹೇಗೆ ಕೇಳಿಸಿದ್ದೀತು?

ಮದರಾಸಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. ಕಾಂಗ್ರೆಸ್ಸನ್ನು ಕೆಳಗಿಳಿಸಲೇಬೇಕೆಂದು ರಾಜಾಜಿ, ತಾವು 1938ರಲ್ಲಿ ಜೈಲಿಗಟ್ಟಿದ ಚಳವಳಿಯ ವಾರಸುದಾರರಾದ ಡಿಎಂಕೆಯ ಜೊತೆ ಕೈಜೋಡಿಸಿದರು. ಅಣ್ಣಾದೊರೈ ಅಧಿಕಾರಕ್ಕೆ ಬಂದರು. ಡಿಎಂಕೆಗೆ ಸ್ವಂತ ಬಲದಿಂದಲೇ ಬಹುಮತ ಬಂದುದರಿಂದ ಸ್ವತಂತ್ರ ಪಕ್ಷದ ಹಂಗು ಬೇಕಾಗಲಿಲ್ಲ. ಕಾಂಗ್ರೆಸ್ ಅಲ್ಲಿ ಮತ್ತೆಂದೂ ಸ್ವಂತವಾಗಿ ಆಡಳಿತಕ್ಕೆ ಬಂದಿಲ್ಲ.

ದೇಶದ ಸರ್ಕಾರದ ಮೇಲೆ ಈ ಪಕ್ಷ ಬೀರಿದ ಅತಿದೊಡ್ಡ ಪ್ರಭಾವ ಅದು ಬಯಸಿದ ದಿಕ್ಕಿನಲ್ಲಿರಲಿಲ್ಲ. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿ, ಇಂದಿರಾ ಗಾಂಧಿ ಮತ್ತು ಹಿರಿಯ ನಾಯಕರ ಒಡಕು ಬಯಲಿಗೆ ಬಂದಿತ್ತು. ರಾಷ್ಟ್ರಪತಿ ಚುನಾವಣೆಯಲ್ಲಿ ಸಂಜೀವ ರೆಡ್ಡಿಯವರಿಗೆ ಎರಡನೆಯ ಪ್ರಾಶಸ್ತ್ಯದ ಮತ ಕೋರಿ ಕಾಂಗ್ರೆಸ್ ಅಧ್ಯಕ್ಷ ನಿಜಲಿಂಗಪ್ಪನವರು ಸ್ವತಂತ್ರ ಮತ್ತು ಜನಸಂಘದ ನಾಯಕರೊಡನೆ ಮಾತಾಡಿದರು. ಇಂದಿರಾ ಬಣಕ್ಕೆ ಅಷ್ಟು ಸಾಕಾಯಿತು. ಹಿರಿಯರು ಪ್ರತಿಗಾಮಿಗಳೊಡನೆ ಶಾಮೀಲಾಗಿದ್ದಾರೆಂಬ ಆರೋಪ ಹೊರಿಸಿ, ಮನಸ್ಸಾಕ್ಷಿಯ ಮತದ ಬೇಡಿಕೆ ಎತ್ತಿತು. ವಿ.ವಿ. ಗಿರಿ ಗೆದ್ದರು. ನವೆಂಬರಿನಲ್ಲಿ ಕಾಂಗ್ರೆಸ್ ಒಡೆಯಿತು. ಸ್ವತಂತ್ರ ಪಕ್ಷದ ಸಂಪರ್ಕವೇ ಅಪರಾಧವಾಗುವಂತೆ ಮಾಡಿ ಇಂದಿರಾ ಎಡಕ್ಕೆ ಹೊರಳಿದರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ ಆಗಿಯೇ ಹೋಗಿತ್ತು. ಅದೇ ವರ್ಷ ಕಂಪೆನಿಗಳು ಪಕ್ಷಗಳಿಗೆ ದೇಣಿಗೆ ಕೊಡುವುದಕ್ಕೂ ನಿಷೇಧ ಬಿತ್ತು.

ಸದನದಲ್ಲಿ ಸೋತದ್ದನ್ನು ಪಕ್ಷದವರು ನ್ಯಾಯಾಲಯಕ್ಕೆ ಒಯ್ದರು. ಬ್ಯಾಂಕ್ ರಾಷ್ಟ್ರೀಕರಣವನ್ನು ಪ್ರಶ್ನಿಸಿದ ಆರ್.ಸಿ. ಕೂಪರ್ ಸ್ವತಂತ್ರ ಪಕ್ಷದ ಮುಖಂಡರು. ವಾದಿಸಿದವರು ನಾನಿ ಪಾಲ್ಖಿವಾಲಾ. 1970ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟ್ ಆ ಕಾನೂನನ್ನು ರದ್ದುಪಡಿಸಿತು. ನಾಲ್ಕೇ ದಿನಗಳಲ್ಲಿ ಸರ್ಕಾರ ಹೊಸ ಸುಗ್ರೀವಾಜ್ಞೆ ತಂದಿತು. ಬ್ಯಾಂಕುಗಳು ಸರ್ಕಾರದಲ್ಲೇ ಉಳಿದವು. ಆದರೆ ಮೂಲಭೂತ ಹಕ್ಕುಗಳನ್ನು ಬಿಡಿಬಿಡಿಯಾಗಿ ನೋಡದೆ ಒಟ್ಟಾಗಿ ಓದಬೇಕೆಂಬ ಆ ತೀರ್ಪಿನ ತರ್ಕ, ಆಸ್ತಿಯ ಪ್ರಶ್ನೆಯನ್ನು ಮೀರಿ, ಮುಂದೆ ವೈಯಕ್ತಿಕ ಸ್ವಾತಂತ್ರ್ಯದ ಮೊಕದ್ದಮೆಗಳಿಗೆ ಒದಗಿಬಂತು.

ಇಂದಿನ ಬಲಪಂಥದ ಅಳತೆಗೋಲಿಗೆ ರಾಜಾಜಿ ಸಿಗುವವರಲ್ಲ. 1962ರಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನದ ನಿಯೋಗದ ಮುಂದಾಳಾಗಿ, 83ರ ವಯಸ್ಸಿನಲ್ಲಿ ವಿದೇಶಕ್ಕೆ ಹೋಗಿ, ಅಣ್ವಸ್ತ್ರ ಪರೀಕ್ಷೆ ನಿಲ್ಲಿಸುವಂತೆ ಅಮೆರಿಕದ ಅಧ್ಯಕ್ಷ ಕೆನಡಿಯವರನ್ನು ಕೇಳಿಕೊಂಡರು. ಜೊತೆಗಿದ್ದವರು ಇಬ್ಬರೂ ನಮ್ಮವರೇ: ಕರ್ನಾಟಕದ ಹಿರಿಯ ಗಾಂಧೀವಾದಿ ಆರ್.ಆರ್. ದಿವಾಕರ ಮತ್ತು ಮಂಗಳೂರು ಮೂಲದ ಪತ್ರಕರ್ತ ಬಿ. ಶಿವರಾವ್. 1964ರಲ್ಲಿ ಸೆರೆಯಿಂದ ಬಿಡುಗಡೆಯಾದ ಶೇಖ್ ಅಬ್ದುಲ್ಲಾ ಮದರಾಸಿಗೆ ಬಂದು ಅವರ ಸಲಹೆ ಕೇಳಿದರು. ಕಾಶ್ಮೀರದ ವಿಷಯದಲ್ಲಿ ಪಾಕಿಸ್ತಾನದೊಡನೆ ರಾಜಿಯಾಗಬೇಕೆಂದು ಬಹಿರಂಗವಾಗಿ ಹೇಳುವ ಬಲಪಂಥೀಯರು ಆಗಲೂ ವಿರಳ. ಆ ಪ್ರಯತ್ನಕ್ಕೆ ನೆಹರೂ ಕೂಡ ಮನಸ್ಸು ಮಾಡಿದ್ದರು. ಆದರೆ ಮೇ 27ರಂದು ಅವರು ತೀರಿಕೊಂಡರು. ಐದು ವರ್ಷ ಎಡೆಬಿಡದೆ ಟೀಕಿಸಿದ್ದ ಗೆಳೆಯನ ಬಗ್ಗೆ ರಾಜಾಜಿ ಬರೆದ ಶ್ರದ್ಧಾಂಜಲಿ, ಅವರ ಬರಹಗಳಲ್ಲೇ ಅತ್ಯಂತ ಆರ್ದ್ರವಾದವುಗಳಲ್ಲೊಂದು.

1971ರ ಲೋಕಸಭಾ ಚುನಾವಣೆಯಲ್ಲಿ ಪಕ್ಷಕ್ಕೆ ಉಳಿದದ್ದು 8 ಸ್ಥಾನ. ಅದೇ ವರ್ಷ ಕರುಣಾನಿಧಿ ಸರ್ಕಾರ ಪಾನನಿರೋಧ ಸಡಿಲಿಸಲು ಹೊರಟಿತು. 92ರ ರಾಜಾಜಿ ಮುಖ್ಯಮಂತ್ರಿಯ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡರು. ಮುಖ್ಯಮಂತ್ರಿ ಗೌರವದಿಂದ ಬರಮಾಡಿಕೊಂಡರು, ಮಾತು ಕೇಳಲಿಲ್ಲ. ಆಗಸ್ಟ್ 30ರಂದು ಹೆಂಡದಂಗಡಿಗಳಿಗೆ ದಾರಿ ತೆರೆಯಿತು. ಮರುವರ್ಷ ಡಿಸೆಂಬರ್ 25ರಂದು ರಾಜಾಜಿ ಮದರಾಸಿನಲ್ಲಿ ಕೊನೆಯುಸಿರೆಳೆದರು.

1974ರಲ್ಲಿ ಪಿಲೂ ಮೋದಿ ನೇತೃತ್ವದ ಸ್ವತಂತ್ರ ಪಕ್ಷ, ನಾಗಪುರದಲ್ಲಿ ಸಹಕಾರಿ ಬೇಸಾಯವನ್ನು ವಿರೋಧಿಸಿದ್ದ ಚರಣ್ ಸಿಂಗರ ಜೊತೆ ಸೇರಿ ಭಾರತೀಯ ಲೋಕದಳದಲ್ಲಿ ಕರಗಿತು. 1978ರ ಸಂವಿಧಾನ ತಿದ್ದುಪಡಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದುಹಾಕಿತು; ಆಗ ಅಧಿಕಾರದಲ್ಲಿದ್ದದ್ದು ಆ ಲೋಕದಳವೂ ಸೇರಿ ರಚನೆಯಾಗಿದ್ದ ಜನತಾ ಪಕ್ಷ. 1991ರ ಜುಲೈಯಲ್ಲಿ ಬಹುಪಾಲು ಕೈಗಾರಿಕೆಗಳಿಗೆ ಲೈಸೆನ್ಸ್ ರದ್ದುಮಾಡಿದ್ದು ಕಾಂಗ್ರೆಸ್ ಸರ್ಕಾರವೇ; ಬಜೆಟ್ ಭಾಷಣದ ದಿನ ರಾಜಾಜಿಯವರ ಹೆಸರು ನೆನಪಾಗಬೇಕಾದವರಿಗೆ ಆಯಿತೋ ಇಲ್ಲವೋ. ಇನ್ನು 1989ರಲ್ಲಿ ಜನಪ್ರಾತಿನಿಧ್ಯ ಕಾಯ್ದೆಗೆ ಸೇರಿಸಿದ ನಿಯಮ ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಚುನಾವಣಾ ಆಯೋಗದಲ್ಲಿ ನೋಂದಣಿ ಬಯಸುವ ಯಾವುದೇ ಪಕ್ಷ, ಇತರ ತತ್ತ್ವಗಳ ಜೊತೆಗೆ ಸಮಾಜವಾದಕ್ಕೂ ನಿಷ್ಠೆ ಹೊಂದಿರುವುದಾಗಿ ತನ್ನ ನಿಯಮಾವಳಿಯಲ್ಲಿ ಬರೆದುಕೊಡಬೇಕು. ಸ್ವತಂತ್ರ ಪಕ್ಷವನ್ನು ಈಗ ಅದರ ಮೂಲರೂಪದಲ್ಲೇ ಯಾರಾದರೂ ಕಟ್ಟಹೊರಟರೆ, ಅರ್ಜಿ ಹಾಕುವ ಮೊದಲ ದಿನವೇ ಒಂದು ಸುಳ್ಳಿಗೆ ಸಹಿ ಹಾಕಬೇಕಾಗುತ್ತದೆ.